ಬಿಳಿ ಉಳಿದ ದೋಣಿ

"ತಲೆಕೆಳಗು ಮಾಡಿ ನೋಡಿ. ಒಂದು ಹನಿ ಬಿದ್ರೂ ನಾನು ಈಗಲೇ ಎದ್ದು ಹೋಗ್ತೀನಿ" ಎಂದು ಸಾರ್ಜೆಂಟ್ ಐಲ್ಸಾ ಬರ್ಗಾಯ್ನ್ ಪುಟ್ಟ ಗಾಜಿನ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟಳು.

ಡಲ್ಸೀ ಹೇವುಡ್ ಅದನ್ನು ಮುಟ್ಟಲಿಲ್ಲ. ಮುಟ್ಟುವ ಅಗತ್ಯವೂ ಇರಲಿಲ್ಲ. ಕೂದಲು ನೆರೆಯುವ ಮೊದಲಿನಿಂದ ಜಲವರ್ಣದಲ್ಲಿ ಚಿತ್ರ ಬರೆಯುತ್ತ ಬಂದ ಹೆಂಗಸು ಅವಳು. ಬಾಟಲಿಯ ತಳದಲ್ಲಿ ಹಳದಿಯಾಗಿ ಹೆಪ್ಪುಗಟ್ಟಿ ಕೂತ ಮುದ್ದೆ ಏನೆಂದು ನೋಡಿದ ಕೂಡಲೇ ಗೊತ್ತಾಗಿತ್ತು.

"ರಬ್ಬರ್ ಹಾಲು. ಕೆಟ್ಟುಹೋಗಿದೆ. ಮುಚ್ಚಳ ಬಿಗಿಯಾಗಿ ಹಾಕೇ ತೋರಾ ಅಂತ ಬಡ್ಕೊಂಡು ಬಡ್ಕೊಂಡು ಸಾಕಾಗಿತ್ತು ನನಗೆ" ಎಂದಳು.

"ಯಾವಾಗ ಕೆಟ್ಟಿರಬಹುದು?"

"ಇಷ್ಟು ಕಲ್ಲಾಗೋಕೆ ತಿಂಗಳಾದ್ರೂ ಬೇಕು. ಯಾಕೆ ಕೇಳ್ತೀಯ?"

"ತೋರಾ ಅವರ ಬಣ್ಣದ ಪೆಟ್ಟಿಗೆಯಲ್ಲಿ ಇದ್ದದ್ದು ಇದೊಂದೇ. ಇಡೀ ಮನೆ ಜಾಲಾಡಿದೀನಿ. ಬೇರೆ ಬಾಟಲಿ ಇಲ್ಲ."

ಕಟ್ಟಿಗೆ ಒಲೆಯ ಮೇಲೆ ಕೆಟಲ್ ಕುದಿಯುತ್ತಿತ್ತು. ಡಲ್ಸೀ ಎದ್ದು ಅದನ್ನು ಪಕ್ಕಕ್ಕೆ ಸರಿಸಿದಳೇ ಹೊರತು ಟೀ ಮಾಡಲಿಲ್ಲ. ಈ ದ್ವೀಪದಲ್ಲಿ ಮನೆಗೆ ಬಂದವರಿಗೆ ಟೀ ಕೊಡದಿರುವುದೆಂದರೆ ಮುಖಕ್ಕೆ ಬಾಗಿಲು ಹಾಕಿದಂತೆ. ಐಲ್ಸಾ ಅದನ್ನು ಗಮನಿಸಿಯೂ ಗಮನಿಸದಂತೆ ಕೂತಳು.

ಕಿಟಕಿಯ ಪಕ್ಕ ತಲೆಯ ಹಿಂದೆ ಪೆಟ್ಟು ಬಿದ್ದು ಸತ್ತ ತೋರಾ ಮ್ಯಾಕ್‌ಲೀಶ್, ಅವಳ ಕೈ ಹಿಡಿದು ಕೂತಿದ್ದಾಗಲೇ ಪೊಲೀಸರಿಗೆ ಸಿಕ್ಕ ಮಗ ರೋರಿ, ಅಲ್ಲೇ ಹಲಗೆಯ ಮೇಲೆ ಇನ್ನೂ ಹಸಿಯಾಗಿದ್ದ ಚಿತ್ರ: ಶನಿವಾರದಿಂದ ದ್ವೀಪದಲ್ಲಿ ಬೇರೆ ಮಾತೇ ಇರಲಿಲ್ಲ. ಇವತ್ತು ಮಧ್ಯಾಹ್ನದ ವಿಮಾನಕ್ಕೆ ಕಡಲಾಚೆಯ ಲಾನ್ಸೆಸ್ಟನ್ ಪಟ್ಟಣದಿಂದ ಇನ್‌ಸ್ಪೆಕ್ಟರ್ ಬರುವವನಿದ್ದ. ತಾಯಿಯನ್ನು ಕೊಂದ ಮಗನೆಂದು ರೋರಿಯನ್ನು ವಾಪಸು ಹೋಗುವಾಗ ಜೊತೆಯಲ್ಲೇ ಕರೆದುಕೊಂಡು ಹೋಗುವವನಿದ್ದ. ಕೈಕೋಳ ಹಾಕಿದ್ದು ಐಲ್ಸಾಳೇ. ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂತು ಬೆಳೆದವನ ಕೈಯನ್ನು ಅವನ ತಾಯಿಯ ಕೈಯಿಂದ ಬಿಡಿಸಿ ಹಾಕಬೇಕಾಗಿತ್ತು. 

ಪ್ಲಾಸ್ಟಿಕ್ ಚೀಲದಿಂದ ಆ ಚಿತ್ರವನ್ನು ಮೆಲ್ಲಗೆ ಹೊರತೆಗೆದಳು. ಚೀಲದ ಹೊಳಪಿಗೆ ಒಳಗಿನ ಗೆರೆ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗೆ ತೆಗೆಯಬಾರದು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತೆಗೆದಳು.

ತೋರಾಳ ಮನೆಯ ಕಿಟಕಿಯಿಂದ ಕಾಣುವ ಕೊಲ್ಲಿ. ಬೂದು ಬಣ್ಣದ ಕಡಲು, ಪಶ್ಚಿಮದ ಗಾಳಿಗೆ ಹರಿದು ಓಡುವ ಮೋಡ, ಮೂಲೆಯಲ್ಲಿ ದೋಣಿಗಳು ನಿಲ್ಲುವ ಕಟ್ಟೆ ಮತ್ತು ಮೀನು ಇಡುವ ಐಸ್ ಶೆಡ್ಡು. ನಡುವೆ ಒಂದು ದೋಣಿ. ಆದರೆ ದೋಣಿಯ ಜಾಗದಲ್ಲಿ ಬಣ್ಣವಿರಲಿಲ್ಲ. ಒಣಗಿದ ರಬ್ಬರ್ ಹಾಲು ತೆಳ್ಳಗಿನ ಚರ್ಮದಂತೆ ಅಂಟಿಕೊಂಡಿತ್ತು.

ಜಲವರ್ಣದಲ್ಲಿ ಬಿಳಿ ಬಣ್ಣ ಬಳಿಯುವುದಿಲ್ಲ, ಕಾಗದವೇ ಬಿಳಿ. ಬಿಳಿ ಉಳಿಯಬೇಕಾದ ಕಡೆ ಮೊದಲು ರಬ್ಬರ್ ಹಾಲು ಹಚ್ಚಿ ಒಣಗಿಸಿ, ಅದರ ಮೇಲೆಯೇ ಧಾರಾಳವಾಗಿ ಕಡಲು ಮೋಡ ಎಲ್ಲ ಬಳಿದು, ಕೊನೆಗೆ ಹೆಬ್ಬೆರಳಿನಿಂದ ತಿಕ್ಕಿದರೆ ರಬ್ಬರು ಉಂಡೆಯಾಗಿ ಕಿತ್ತು ಬರುತ್ತದೆ. ಕೆಳಗಿನ ಕಾಗದ ಬೆಳ್ಳಗೆ ನಗುತ್ತದೆ. ಊರಿನ ಹಾಲ್‌ನಲ್ಲಿ ಪ್ರತಿ ಗುರುವಾರ ಸೇರುವ ಹೆಂಗಸರಿಗೆ ಇದು ಸ್ಕೋನ್ ಬನ್ನಿಗೆ ಜಾಮ್ ಹಚ್ಚಿದಷ್ಟೇ ಸಲೀಸು. ಐಲ್ಸಾಳ ತಾಯಿಯೂ ಬದುಕಿದ್ದಾಗ ಆ ಗುಂಪಿನಲ್ಲೇ ಇದ್ದಳು. ಮೇಜಿನ ಕೆಳಗೆ ಕೂತು, ಕೆಳಗೆ ಬಿದ್ದ ರಬ್ಬರು ಚೂರುಗಳನ್ನು ಉಂಡೆ ಕಟ್ಟಿ ಪುಟಿಸುತ್ತ ಬೆಳೆದವಳು ಐಲ್ಸಾ. ಇಲ್ಲದಿದ್ದರೆ ಯಾವ ಪೊಲೀಸಿನವಳು ಆ ಬಾಟಲಿ ತೆಗೆದು ಅಲ್ಲಾಡಿಸಿ ನೋಡುತ್ತಿದ್ದಳು!

"ಡಲ್ಸೀ, ಬಾಟಲಿ ಕೆಟ್ಟು ತಿಂಗಳಾಗಿದೆ. ಚಿತ್ರ ಬರೆದದ್ದು ಶನಿವಾರ. ಹಾಗಾದ್ರೆ ಈ ದೋಣಿ ಮೇಲಿನ ರಬ್ಬರ್ ಎಲ್ಲಿಂದ ಬಂತು?"

"ಯಾರಾದ್ರೂ ಸ್ವಲ್ಪ ಕೊಟ್ಟಿರ್ತಾರೆ. ಗುಂಪಲ್ಲಿ ಕೊಡೋದು ತಗೊಳ್ಳೋದು ಇದ್ದದ್ದೇ."

"ಕೊಟ್ಟವರು ಯಾರೂ ಇಲ್ಲ. ಎಲ್ಲರನ್ನೂ ಕೇಳಿದೆ. ನಿಮ್ಮೊಬ್ಬರನ್ನು ಬಿಟ್ಟು."

"ಈಗ ಕೇಳಿದ್ಯಲ್ಲ. ಆಯ್ತು, ನಾನೇ ಕೊಟ್ಟೆ ಅಂತ ಇಟ್ಕೋ. ಅದಕ್ಕೇನೀಗ? ಬಣ್ಣದ ಸಾಲ ಕೊಟ್ರೆ ನಿಮ್ಮ ಸ್ಟೇಷನ್ನಲ್ಲಿ ಜೈಲಾ?"

ಮಾತು ಚುರುಕಾಗಿತ್ತು, ಆದರೆ ಕಣ್ಣು ಚಿತ್ರದ ಮೇಲಿಂದ ಕದಲುತ್ತಿರಲಿಲ್ಲ. ಡಲ್ಸೀಯ ನಾಲಿಗೆಗೆ ಇಡೀ ದ್ವೀಪ ಹೆದರುತ್ತಿತ್ತು. ಮೂರೇ ದಿನದಲ್ಲಿ ಅವಳ ಮುಖ ಬತ್ತಿ, ಕುತ್ತಿಗೆಯ ನರಗಳು ಎದ್ದು ಕಾಣುತ್ತಿದ್ದವು.

"ಒಣಗಿತಾ ಇಲ್ವಾ ಅಂತ ನೀವೆಲ್ಲ ಹೇಗೆ ನೋಡ್ತೀರಿ?" ಎಂದು ಐಲ್ಸಾ ಮೆಲ್ಲಗೆ ಕೇಳಿದಳು. "ಹೆಬ್ಬೆರಳಲ್ಲಿ ಒತ್ತಿ ತಾನೇ? ಅಮ್ಮಾನೂ ಹಾಗೇ ಮಾಡ್ತಿದ್ಲು. ಇಲ್ಲಿ ನೋಡಿ, ದೋಣಿಯ ಮೂತಿ ಹತ್ತಿರ. ಸ್ವಲ್ಪ ಹಸಿ ಇದ್ದಾಗಲೇ ಯಾರೋ ಒತ್ತಿದಾರೆ. ಬೆರಳಚ್ಚು ಹಾಗೇ ಕೂತಿದೆ. ಬೆಳಿಗ್ಗೆ ಭೂತಗನ್ನಡಿ ಇಟ್ಟು ನೋಡಿದೆ. ಅಡ್ಡಕ್ಕೆ ಒಂದು ಗಾಯದ ಗೀಟಿದೆ."

ಡಲ್ಸೀ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ತೋರಾ ಅವರ ಹೆಬ್ಬೆರಳಲ್ಲಿ ಗಾಯ ಇಲ್ಲ. ನಿಮ್ಮ ಬಲಗೈ ತೋರಿಸಿ, ಡಲ್ಸೀ."

ಬಲಗೈ ಏಪ್ರನ್ನಿನ ಕೆಳಗೆ ಸರಿಯಿತು. ಹರೆಯದಲ್ಲಿ ತೋರಾ ಮತ್ತು ಡಲ್ಸೀ ಇಬ್ಬರೂ ಒಂದೇ ಶೆಡ್ಡಿನಲ್ಲಿ ನಿಂತು ಸ್ಕ್ಯಾಲಪ್ ಎಂಬ ಚಿಪ್ಪುಮೀನಿನ ಚಿಪ್ಪು ಬಿಡಿಸುತ್ತಿದ್ದರು. ಚಾಕು ಜಾರಿ ಡಲ್ಸೀಯ ಹೆಬ್ಬೆರಳು ಅಡ್ಡಕ್ಕೆ ಸೀಳಿದ ಕತೆಯನ್ನು ದ್ವೀಪದಲ್ಲಿ ಕೇಳದವರಿರಲಿಲ್ಲ. ತೋರಾ ತನ್ನ ಸ್ಕಾರ್ಫ್ ಹರಿದು ಕಟ್ಟಿದ್ದಳಂತೆ.

"ನಿನ್ನ ಮೂಗು ಒರೆಸಿದ ಕೈ ಇದು" ಎಂದಳು ಡಲ್ಸೀ. ದನಿ ಒಡೆದಿತ್ತು. "ಅದನ್ನ ತೋರ್ಸು ಅಂತೀಯಲ್ಲೇ, ನಾಚಿಕೆ ಆಗಲ್ವಾ ನಿನಗೆ?"

"ಆಗುತ್ತೆ. ತುಂಬಾ ಆಗುತ್ತೆ. ಆದ್ರೆ ಅಲ್ಲಿ ಸ್ಟೇಷನ್ ಲಾಕಪ್ಪಲ್ಲಿ ರೋರಿ ಮೂರು ದಿನದಿಂದ ಒಂದು ತುತ್ತು ತಿಂದಿಲ್ಲ. ಅವನ ಮೂಗೂ ನೀವೇ ಒರೆಸಿದ್ದು."

ರೋರಿಯ ಹೆಸರು ಕೇಳಿದ್ದೇ ಡಲ್ಸೀ ಕುರ್ಚಿಯಲ್ಲಿ ಕುಸಿದಳು. ಏಪ್ರನ್ನಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟಳು. ಹೆಬ್ಬೆರಳ ಮೇಲೆ ಬಿಳಿ ಗೀಟು ಎದ್ದು ಕಾಣುತ್ತಿತ್ತು.

"ಬರ್ದದ್ದು ನಾನೇ" ಎಂದಳು. "ಕಡಲು, ಮೋಡ, ದೋಣಿ, ಎಲ್ಲಾ ನಂದೇ. ತೋರಾ ಆ ದೋಣಿ ನೋಡ್ಲೇ ಇಲ್ಲ ಐಲ್ಸಾ. ಅವಳು ಶುಕ್ರವಾರವೇ ಹೋಗಿದ್ಲು."

ಐಲ್ಸಾ ಬೆಳಗಿನಿಂದ ಇದನ್ನೇ ಊಹಿಸಿದ್ದಳು. ಆದರೂ ಊಹೆಯೇ ಬೇರೆ, ಕಿವಿಯಾರೆ ಕೇಳುವುದೇ ಬೇರೆ. ಶುಕ್ರವಾರ ರೋರಿ ಇನ್ನೂ ನಡುಗಡಲಿನಲ್ಲಿದ್ದ.

"ಮೊದಲಿಂದ ಹೇಳಿ."

"ಹೇಳೋದೇನಿದೆ? ಶುಕ್ರವಾರ ಮಧ್ಯಾಹ್ನ ಎಂದಿನ ಹಾಗೆ ಟೀಗೆ ಅಂತ ಹೋದೆ. ಕಿಟಕಿ ಪಕ್ಕ ನೆಲದ ಮೇಲೆ ಬಿದ್ದಿದ್ಲು. ಮುಟ್ಟಿದ್ರೆ ತಣ್ಣಗೆ. ನೆಲದ ಚಾಪೆ ಮಡಚಿಕೊಂಡಿತ್ತು, ಎಡವಿ ಬಿದ್ದಿದಾಳೆ ಅಂದ್ಕೊಂಡೆ. ಪೆಟ್ಟು ಕೂದಲೊಳಗಿತ್ತು, ರಕ್ತ ಕಾಣ್ಲಿಲ್ಲ. ಯಾರೋ ಹೊಡೆದಿದಾರೆ ಅಂತ ನನಗೇನು ಕನಸು ಬೀಳುತ್ತಾ?"

"ಆಗಲೇ ಯಾಕೆ ಫೋನ್ ಮಾಡ್ಲಿಲ್ಲ?"

 ಡಲ್ಸೀಯ ಬಾಯಿಂದ ಮಾತು ತಡೆಯಿಲ್ಲದೆ ಬಂತು.

"ರೋರಿ ಅಪ್ಪ ಮುಳುಗಿದ ದಿನ ದೋಣೀಲಿ ಇಬ್ಬರೂ ಇದ್ರು, ನಿನಗೆ ಗೊತ್ತು. ಮಗ ಒಬ್ಬನೇ ಈಜಿ ಬಂದ. ಕಟ್ಟೆ ಮೇಲೆ ಇಡೀ ಊರಿನ ಎದುರು ತೋರಾ ಏನಂದ್ಲು? 'ಅವರ ಬದಲು ನೀನು ಹೋಗಬಾರ್ದಿತ್ತಾ' ಅಂದ್ಲು. ಹೆತ್ತ ತಾಯಿ! ದುಃಖದಲ್ಲಿ ಬಾಯಿಗೆ ಬಂದದ್ದು. ಮಾರನೇ ದಿನವೇ ಹುಡುಗ ದ್ವೀಪ ಬಿಟ್ಟ. ಆರು ವರ್ಷ ಅವಳು ಆ ಮಾತು ನುಂಗೋಕೂ ಆಗದೆ ಉಗಿಯೋಕೂ ಆಗದೆ ಸತ್ತು ಬದುಕಿದ್ಲು. ಆಮೇಲೆ ಒಂದಿನ ಅವನೇ ಫೋನ್ ಮಾಡಿದ. 'ಹೊಸ ದೋಣಿ ತಗೊಂಡಿದೀನಿ ಅಮ್ಮ, ಬಿಳೀದು. ಶನಿವಾರ ತರ್ತೀನಿ. ನಿನಗೆ ನನ್ನ ನೋಡೋಕೆ ಮನಸ್ಸಿದ್ರೆ ಕಿಟಕೀಲಿ ಕೂತಿರು' ಅಂದ. ಅವಳು ಅವತ್ತಿಂದ ಆ ಕಿಟಕಿ ಬಿಟ್ಟು ಎದ್ದಿದ್ದಿಲ್ಲ ಕಣೇ."

ಐಲ್ಸಾ ತಲೆತಗ್ಗಿಸಿದಳು. ರೋರಿ ಇದನ್ನು ಹೇಳಿರಲಿಲ್ಲ. ಅವನು ಏನನ್ನೂ ಹೇಳಿರಲಿಲ್ಲ.

"ಒಂದು ದಿನ! ಒಂದೇ ಒಂದು ದಿನ ತಡ್ಕೋಬಾರ್ದಿತ್ತಾ ಮಾರಾಯ್ತಿ ಅಂತ ಬೈದೆ ಅವಳನ್ನ. ತಲೆ ಕೆಳಗೆ ದಿಂಬಿಟ್ಟು, ಪಕ್ಕದಲ್ಲೇ ಕೂತು ಬೈದೆ. ಅವನು ಬಂದು ಇವಳು ಹಿಂದಿನ ದಿನವೇ ಹೋದ್ಲು ಅಂತ ಕೇಳಿದ್ರೆ ಏನಾಗುತ್ತೆ ಅವನಿಗೆ? ಕಟ್ಟೆ ಮೇಲಿನ ಆ ಮಾತೇ ಅಮ್ಮನ ಕೊನೇ ಮಾತು ಅಂತ ಹೊತ್ಕೊಂಡು ಓಡಾಡ್ತಾನೆ. ಅದಕ್ಕೇ ಕಿಟಕಿ ಎಲ್ಲ ತೆಗೆದಿಟ್ಟೆ, ಚಳಿಗೆ ಅವಳು ಕೆಡಬಾರ್ದು ಅಂತ. ಶನಿವಾರ ಬೆಳಿಗ್ಗೆ ನನ್ನ ಬಣ್ಣ ತಂದೆ. ಮಧ್ಯಾಹ್ನ ಅವನ ದೋಣಿ ಮೂಲೆ ತಿರುಗ್ತಿದ್ದ ಹಾಗೇ ಬರೆಯೋಕೆ ಶುರು ಮಾಡಿದೆ. ಅವನು ಕಟ್ಟೆಗೆ ಹಗ್ಗ ಕಟ್ಟೋ ಹೊತ್ತಿಗೆ ಹಿಂದಿನ ಬಾಗಿಲಿಂದ ಬಂದ್ಬಿಟ್ಟೆ. ಅಮ್ಮ ಕಿಟಕೀಲಿ ಕೂತಿದ್ಲು, ನನ್ನ ದೋಣಿ ನೋಡಿದ್ಲು, ಅದನ್ನ ಬರೀತಾ ಬರೀತಾನೇ ಹೋದ್ಲು ಅಂತ ಅವನಿಗೆ ಅನ್ನಿಸ್ಲಿ ಅಂತ. ಅಷ್ಟೇ ಐಲ್ಸಾ. ನಾನು ಮಾಡಿದ್ದು ಅಷ್ಟೇ."

ತೋರಾ ಶನಿವಾರದವರೆಗೆ ಬದುಕಿದ್ದಳು ಎಂದು ಹೇಳುತ್ತಿದ್ದುದು ಆ ಹಸಿ ಬಣ್ಣವೇ. ತೆರೆದಿಟ್ಟ ಕಿಟಕಿಗಳ ಚಳಿಯಿಂದ ಡಾಕ್ಟರಿಗೆ ಹೊತ್ತು ಗೊತ್ತು ಮಾಡಲು ಆಗಿರಲಿಲ್ಲ. ಪ್ರೀತಿಯಿಂದ ಬರೆದ ಚಿತ್ರವೇ ಹುಡುಗನ ಕುತ್ತಿಗೆಗೆ ಉರುಳಾಗಿತ್ತು.

"ಅವನನ್ನ ಹಿಡ್ಕೊಂಡು ಹೋದ ಮೇಲಾದ್ರೂ ಬಾಯಿ ಬಿಡಬಾರ್ದಿತ್ತಾ?" ಐಲ್ಸಾಳಿಗೆ ಸಿಟ್ಟು ತಡೆಯಲಾಗಲಿಲ್ಲ.

"ಬಿಡ್ತಾರೆ ಬಿಡ್ತಾರೆ ಅಂತ ಕಾದೆ. ಹೆತ್ತ ತಾಯೀನ ಕೊಲ್ಲೋ ಹುಡುಗ ಅಲ್ಲ ಅಂತ ನಿನಗೆ ಗೊತ್ತಿಲ್ವಾ? ಅಲ್ಲಿ ಅವನ ಹತ್ರ ಇರೋದು ಅದೊಂದೇ, ಅಮ್ಮ ನನ್ನ ದೋಣಿ ಬರೆದ್ಲು ಅನ್ನೋದು. ಅದನ್ನೂ ನಾನೇ ಕಿತ್ಕೊಳ್ಳಲಾ?" ಡಲ್ಸೀ ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡಳು. "ಅವನಿಗೆ ಇದನ್ನ ತೋರಿಸಿದ್ಯಾ?"

"ಬೆಳಿಗ್ಗೆ ತೋರಿಸಿದೆ. ತುಂಬ ಹೊತ್ತು ನೋಡಿದ. ಏನೂ ಅನ್ನದೆ ಗೋಡೆ ಕಡೆ ತಿರುಗಿ ಮಲಗಿದ."

ಡಲ್ಸೀ ಬಿಕ್ಕಿದಳು. ಐಲ್ಸಾ ಎದ್ದು ಒಲೆಯ ಮೇಲಿಂದ ಕೆಟಲ್ ತೆಗೆದು, ತಾನೇ ಟೀ ಸೋಸಿ ಅವಳ ಮುಂದಿಟ್ಟಳು. ಯಾವ ಡಬ್ಬಿ ಎಲ್ಲಿದೆ ಎಂದು ಕೇಳಬೇಕಾಗಿರಲಿಲ್ಲ. ಆದರೆ ಅವಳೊಳಗಿನ ಪೊಲೀಸಿನವಳು ಅಷ್ಟು ಹೊತ್ತಿಗೆ ಬೇರೆ ಎಳೆ ಹಿಡಿದಾಗಿತ್ತು.

"ಡಲ್ಸೀ, ಒಂದು ಮಾತು ನೆನಪು ಮಾಡ್ಕೊಂಡು ಹೇಳಿ. ಶನಿವಾರ ನೀವು ಬರೀತಾ ಇದ್ದಾಗ ಕಿಟಕಿಯಿಂದ ಯಾರಿಗಾದ್ರೂ ಕೈ ಬೀಸಿದ್ರಾ?"

"ನಾನಾ? ಹುಚ್ಚಾ? ಯಾರಾದ್ರೂ ಕಂಡಾರು ಅಂತ ಪರದೆ ಎಳೆದು ಸಂದೀಲಿ ನೋಡ್ಕೊಂಡು ಬರೆದೆ."

"ಮರ್ವ್ ಪೆಡರ್ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದಾನೆ. ಶನಿವಾರ ಮಧ್ಯಾಹ್ನ ಐಸ್ ಶೆಡ್ಡಿನಿಂದ ತೋರಾಗೆ ಕೈ ಬೀಸಿದೆ, ಅವಳೂ ನಗ್ತಾ ಕೈ ಬೀಸಿದ್ಲು ಅಂತ."

ಡಲ್ಸೀ ಕಪ್ಪು ಕೆಳಗಿಟ್ಟಳು. ಮರ್ವ್ ಐಸ್ ಶೆಡ್ಡು ನೋಡಿಕೊಳ್ಳುವವನು. ವಿಮಾನ ಬಂದರೆ ಜನರನ್ನು ತನ್ನ ವ್ಯಾನಿನಲ್ಲಿ ಊರಿಗೆ ತರುವವನೂ ಅವನೇ. ಯಾರ ಮನೆಯಲ್ಲಿ ಸಾವಾದರೂ ಮೊದಲು ತಿನ್ನಲು ಪೈ ತಂದಿಡುವ ಮನುಷ್ಯ.

"ಸುಳ್ಳು. ಸತ್ತವಳು ಹೇಗೆ ಕೈ ಬೀಸ್ತಾಳೆ?"

"ಅದೇ ನನ್ನ ಪ್ರಶ್ನೆ. ಅವಳು ಶನಿವಾರದವರೆಗೂ ಇದ್ಲು ಅಂತ ಅವನು ಯಾಕೆ ಹೇಳ್ಬೇಕು? ಅವನಿಗೇನು ಲಾಭ?"

 ಡಲ್ಸೀ ನಿಧಾನವಾಗಿ ಬಾಯಿ ತೆರೆದಳು.

"ಹಲಗೆ ಖಾಲಿ ಇತ್ತು."

"ಏನು?"

"ಶುಕ್ರವಾರ. ಅವಳ ಹಲಗೆ ಮೇಲೆ ಕಾಗದ ಇರ್ಲಿಲ್ಲ. ಸುತ್ತ ಅಂಟಿಸಿದ ಟೇಪು ಹರಿದು ನೇತಾಡ್ತಿತ್ತು. ಕುಂಚ ಮಾತ್ರ ನೀರಲ್ಲೇ ಇತ್ತು, ನೀರು ಬೂದು ಬಣ್ಣ. ತೋರಾ ಟೇಪನ್ನ ಬಿಸಿ ಗಾಳಿ ಹಿಡಿದು ಒಂದೊಂದೇ ಎಳೆ ಬಿಡಿಸೋಳು, ಕಾಗದದ ಅಂಚು ಹರೀಬಾರ್ದು ಅಂತ. ಹಾಗೆ ಕಿತ್ತೆಸೆಯೋಳಲ್ಲ. ಆವತ್ತು ನನಗೆ ತಲೆ ಓಡ್ಲಿಲ್ಲ. ಹಳೇ ಟೇಪು ಕಿತ್ತು, ನನ್ನ ಕಾಗದ ಅಂಟಿಸ್ದೆ."

ಶುಕ್ರವಾರ ಬೆಳಿಗ್ಗೆ ತೋರಾ ಕಿಟಕಿಯಲ್ಲಿ ಕೂತು ಏನನ್ನೋ ಬರೆದಿದ್ದಳು. ಕಂಡದ್ದನ್ನು ಕಂಡಂತೆಯೇ ಬರೆಯುವ ಹೆಂಗಸು ಅವಳು. ಆ ಕಿಟಕಿಯಿಂದ ನೇರವಾಗಿ ಕಾಣುವುದು ಕಟ್ಟೆ ಮತ್ತು ಐಸ್ ಶೆಡ್ಡು. ಆ ಚಿತ್ರವನ್ನು ಯಾರೋ ಹರಿದುಕೊಂಡು ಹೋಗಿದ್ದರು. ಶೆಡ್ಡಿನಲ್ಲಿ ಮರ್ವ್ ಮಾಡಬಾರದ್ದೇನೋ ಮಾಡುತ್ತಿದ್ದುದು ಅದರಲ್ಲಿ ಬಂದಿರಬೇಕು.

ಐಲ್ಸಾಳಿಗೆ ಮೂರು ದಿನದಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಒಳಗೆ ಹೋದಂತೆನಿಸಿತು. ಮರ್ವ್‌ನ ಮಾತು ಸುಳ್ಳೆಂದು ತೋರಿಸಲು ಒಂದೇ ದಾರಿ: ಶನಿವಾರದ ಚಿತ್ರ ತೋರಾಳದ್ದಲ್ಲ ಎಂದು ರುಜುವಾತು ಮಾಡಬೇಕು. ಮುದುಕಿಯೊಬ್ಬಳ ಬರೀ ಬಾಯಿಮಾತನ್ನು ಇನ್‌ಸ್ಪೆಕ್ಟರ್ ನಂಬುವುದಿಲ್ಲ. ಎತ್ತಾಡಿಸಿದ ಹುಡುಗನಿಗಾಗಿ ಏನು ಬೇಕಾದರೂ ಹೇಳುತ್ತಾಳೆ ಎಂದು ನಗುತ್ತಾನೆ. ಆದರೆ ರಬ್ಬರಿನ ಮೇಲೆ ಕೂತ ಈ ಹೆಬ್ಬೆರಳು ಸುಳ್ಳಾಡುವುದಿಲ್ಲ. ಬೆಳಿಗ್ಗೆ ಫೋನಿನಲ್ಲಿ ಎಷ್ಟು ಫೋಟೋ ತೆಗೆದರೂ ಬರೀ ಹೊಳಪು ಬಂದಿತ್ತು. ಹಾಳಾಗಲಿ, ಇನ್‌ಸ್ಪೆಕ್ಟರ್ ಜೊತೆಗೆ ಬೆರಳಚ್ಚಿನ ತಜ್ಞನೂ ಬರುತ್ತಿದ್ದ. ಅವನ ಕೈಗೆ ಇದನ್ನು ಹಾಗೆಯೇ ಒಪ್ಪಿಸಿದರೆ ಸಾಕಾಗಿತ್ತು.

ಅದನ್ನು ಡಲ್ಸೀಗೆ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಡುಮನೆಯ ಫೋನ್ ಹೊಡೆದುಕೊಂಡಿತು.

"ನಾನು ನೋಡ್ತೀನಿ, ನೀವು ಟೀ ಕುಡೀರಿ" ಎಂದು ಐಲ್ಸಾ ಎದ್ದು ಹೋದಳು.

ಆ ಕಡೆ ಕಾನ್‌ಸ್ಟೇಬಲ್ ಟ್ರೆವ್. ಏದುಸಿರು ಬಿಡುತ್ತಿದ್ದ.

"ಮೇಡಂ, ಮುಗೀತು! ಒಪ್ಕೊಂಡ. ರೋರಿ ಒಪ್ಕೊಂಡ. ಸಹಿ ಹಾಕಿ ಕೊಟ್ಟಿದಾನೆ."

"ಏನು ಒಪ್ಕೊಂಡ?"

"ನಾನೇ ಹೊಡೆದೆ ಅಂತ. ಶನಿವಾರ, ಮನೆ ಒಳಗೆ ಹೋದ ಕೂಡಲೇ. ಹಳೇ ಜಗಳ ಅಂತೆ. ನಾನೇನೂ ಬಲವಂತ ಮಾಡ್ಲಿಲ್ಲ ಮೇಡಂ, ದೇವರಾಣೆ. ಐಲ್ಸಾ ಎಲ್ಲಿ ಅಂತ ಕೇಳಿದ. ಚಿತ್ರ ಹಿಡ್ಕೊಂಡು ಡಲ್ಸೀ ಮನೆಗೆ ಹೋಗಿದಾರೆ ಅಂದೆ. ಅಷ್ಟು ಕೇಳಿದ್ದೇ ಎದ್ದು ಕೂತ. 'ಡಲ್ಸೀ ಆಂಟೀನ ಯಾಕೆ ಗೋಳು ಹೊಯ್ಕೊಳ್ತೀರಿ, ಬಿಟ್ಬಿಡಿ, ಪೆನ್ ಕೊಡು' ಅಂದ."

ಐಲ್ಸಾ ಗೋಡೆಗೆ ಒರಗಿದಳು.

"ಟ್ರೆವ್, ಆ ಕಾಗದ ಯಾರಿಗೂ ತೋರಿಸಬೇಡ."

"ಅಯ್ಯೋ, ಇನ್‌ಸ್ಪೆಕ್ಟರ್‌ಗೆ ಆಗಲೇ ಫೋನಲ್ಲಿ ಓದಿ ಹೇಳ್ಬಿಟ್ಟೆ. ವಿಮಾನ ಬೇಗ ಇಳೀತು. ಮರ್ವ್ ವ್ಯಾನ್ ತಗೊಂಡು ಹೋಗಿದಾನೆ, ಎಲ್ಲರೂ ಜೊತೇಲೇ ಬರ್ತಿದಾರೆ. ನೀವು ಚಿತ್ರ ಹಿಡ್ಕೊಂಡು ಅಲ್ಲಿದೀರಿ ಅಂತಾನೂ ಹೇಳ್ದೆ. ಇನ್‌ಸ್ಪೆಕ್ಟರ್ ಭಾರೀ ಖುಷಿ. ಯಾಕೆ ಮೇಡಂ, ತಪ್ಪಾಯ್ತಾ?"

ಅವಳು ಫೋನ್ ಇಟ್ಟಳು. ಎಲ್ಲ ಈಗ ನಿಚ್ಚಳವಾಗಿತ್ತು. ಬಾಲ್ಯದಲ್ಲಿ ರೋರಿ ಕುಂಚ ಹಿಡಿದದ್ದು ಇದೇ ಅಡುಗೆಮನೆಯ ಮೇಜಿನ ಮೇಲೆ, ಡಲ್ಸೀಯ ತೊಡೆಯ ಮೇಲೆ ಕೂತು. ಆ ಬೂದು ಕಡಲು ಯಾರ ಕೈಯದೆಂದು ಅವನಿಗೆ ಬೆಳಿಗ್ಗೆಯೇ ತಿಳಿದಿತ್ತು. ಅಮ್ಮ ಸತ್ತಾಗ ಅಲ್ಲಿದ್ದವಳು ಡಲ್ಸೀ ಎಂದುಕೊಂಡ. ಕೊಂದವಳೂ ಅವಳೇ ಎಂದುಕೊಂಡ. ಅಷ್ಟು ಅಂದುಕೊಂಡ ಮೇಲೂ ಅವಳನ್ನು ಉಳಿಸಲು ಪೆನ್ನು ಕೇಳಿದ. 

ಇರಲಿ. ಹೆಬ್ಬೆರಳಿದೆ. ಆ ಒಂದು ಗುರುತಿದ್ದರೆ ಒಪ್ಪಿಗೆ ಪತ್ರವೂ ಬೀಳುತ್ತದೆ, ಮರ್ವ್‌ನ ಹೇಳಿಕೆಯೂ ಬೀಳುತ್ತದೆ. ಅವಳು ದಾಪುಗಾಲು ಹಾಕುತ್ತ ಅಡುಗೆಮನೆಗೆ ಬಂದಳು.

ಡಲ್ಸೀ ಚಿತ್ರದ ಮೇಲೆ ಬಾಗಿ ಕೂತಿದ್ದಳು. ಕಣ್ಣೀರು ಮೂಗಿನ ತುದಿಯಿಂದ ಮಡಿಲಿಗೆ ತೊಟ್ಟಿಕ್ಕುತ್ತಿತ್ತು. ಬಲಗೈಯ ಹೆಬ್ಬೆರಳು ಕಾಗದದ ಮೇಲೆ ಮೆಲ್ಲಗೆ, ಸುತ್ತಿಸುತ್ತಿ ಆಡುತ್ತಿತ್ತು. ಅದು ಏನು ಮಾಡುತ್ತಿದೆ ಎಂಬ ಪರಿವೆಯೇ ಅವಳಿಗಿದ್ದಂತೆ ಕಾಣಲಿಲ್ಲ.

ಮೇಜಿನ ಮೇಲೆ ಹಳದಿ ರಬ್ಬರಿನ ಸಣ್ಣ ಸಣ್ಣ ಉಂಡೆಗಳು ಬಿದ್ದಿದ್ದವು.

"ಡಲ್ಸೀ!"

ಮುದುಕಿ ಬೆಚ್ಚಿ ಕೈ ಹಿಂದಕ್ಕೆಳೆದಳು. ಬೂದು ಕಡಲಿನ ನಡುವೆ ದೋಣಿ ಅಪ್ಪಟ ಬೆಳ್ಳಗೆ ಎದ್ದು ನಿಂತಿತ್ತು. ಮೂತಿಯಿಂದ ಹಿಂಬದಿಯವರೆಗೆ ಒಂದು ಕಲೆಯಿಲ್ಲ, ಒಂದು ಗೀಟಿಲ್ಲ. ಅಷ್ಟು ಚೆಂದದ ದೋಣಿಯನ್ನು ಐಲ್ಸಾ ಯಾವ ಚಿತ್ರದಲ್ಲಿಯೂ ನೋಡಿರಲಿಲ್ಲ.

"ಒಣಗಿತ್ತು" ಎಂದಳು ಡಲ್ಸೀ ಗಲಿಬಿಲಿಯಾಗಿ. "ಮೂರು ದಿನ ಆಯ್ತಲ್ಲ. ಇನ್ನೂ ಬಿಟ್ರೆ ಕಾಗದಕ್ಕೇ ಕಚ್ಕೊಂಡುಬಿಡುತ್ತೆ, ಆಮೇಲೆ ಕಿತ್ರೆ ಹರಿಯುತ್ತೆ. ಕೈ ತಾನಾಗೇ... ಯಾಕೆ? ಯಾಕೆ ಹಾಗೆ ನೋಡ್ತೀಯ?"

ತಪ್ಪು ಯಾರದ್ದು? ಜೀವನವಿಡೀ ಒಣಗಿದ ರಬ್ಬರು ಕಂಡ ಕೂಡಲೇ ತಿಕ್ಕಿ ತೆಗೆದ ಬೆರಳಿನದ್ದೇ? ಚೀಲದಿಂದ ಚಿತ್ರ ತೆಗೆದು, ಅಂಥ ಬೆರಳಿನ ಮುಂದೆ ಬಿಟ್ಟು ಎದ್ದುಹೋದ ಪೊಲೀಸಿನವಳದ್ದೇ? ಐಲ್ಸಾ ಮಂಡಿಯೂರಿ ಆ ಉಂಡೆಗಳನ್ನು ಒಂದೊಂದಾಗಿ ಎತ್ತಿ ಅಂಗೈಯಲ್ಲಿಟ್ಟು ನೋಡಿದಳು. ಅವುಗಳಲ್ಲಿ ಏನೂ ಉಳಿದಿರಲಿಲ್ಲ.

"ಅವನನ್ನ ಉಳಿಸೋಕೆ ಇದ್ದದ್ದು ಆ ಬೆರಳಚ್ಚೊಂದೇ" ಎಂದಳು. ಹೇಳಬಾರದಿತ್ತು, ಆದರೆ ಬಾಯಿ ತಪ್ಪಿ ಬಂದುಬಿಟ್ಟಿತು. "ರೋರಿ ತಪ್ಪೊಪ್ಪಿಕೊಂಡಿದಾನೆ, ಡಲ್ಸೀ. ನಾನೇ ಕೊಂದೆ ಅಂತ ಬರೆದುಕೊಟ್ಟಿದಾನೆ."

"ಮಾಡದೇ ಇರೋದನ್ನ ಯಾಕೆ ಒಪ್ಕೊಳ್ತಾನೆ? ಅವನಿಗೇನು ತಲೆ ಕೆಟ್ಟಿದ್ಯಾ?"

 ಡಲ್ಸೀ ಐಲ್ಸಾಳ ಮುಖ ನೋಡಿದಳು, ಚಿತ್ರ ನೋಡಿದಳು, ತನ್ನ ಹೆಬ್ಬೆರಳು ನೋಡಿಕೊಂಡಳು. ಅರ್ಥವಾಗುತ್ತ ಆಗುತ್ತ ಆ ಮುಖ ಕಂದುವುದನ್ನು ನೋಡಲಾಗದೆ ಐಲ್ಸಾ ಕಣ್ಣು ತಪ್ಪಿಸಿದಳು.

"ನನ್ನ ಕೈ ಅಂತ ಗುರುತು ಹಿಡಿದ" ಎಂದಳು ಡಲ್ಸೀ. "ನಾನೇ ಅವನಮ್ಮನ್ನ ಕೊಂದೆ ಅಂತ ತಿಳ್ಕೊಂಡಿದಾನೆ. ಅಲ್ವಾ?"

"ಡಲ್ಸೀ..."

"ಹೇಳು, ಅಲ್ವಾ?"

"ಹೌದು."

ಹೊರಗೆ ಗುಡ್ಡದ ತಿರುವಿನಲ್ಲಿ ವ್ಯಾನಿನ ಸದ್ದು ಕೇಳಿಸಿತು. ಈ ದ್ವೀಪದಲ್ಲಿ ಪ್ರತಿಯೊಂದು ಎಂಜಿನ್ನಿನ ಸದ್ದೂ ಎಲ್ಲರಿಗೂ ಗೊತ್ತು. ಅದು ಮರ್ವ್‌ನ ವ್ಯಾನು. ಸ್ಟೇಷನ್ನಿಗೆ ತಿರುಗುವ ಕಡೆ ತಿರುಗದೆ ನೇರವಾಗಿ ಇಲ್ಲಿಗೇ ಏರಿ ಬರುತ್ತಿತ್ತು.

ಡಲ್ಸೀ ಅಳು ನಿಲ್ಲಿಸಿದಳು. ಏಪ್ರನ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು, ಕೂದಲು ನೇವರಿಸಿಕೊಂಡಳು. ಚರ್ಚಿಗೆ ಹೊರಟವಳಂತೆ ಸ್ವೆಟರಿನ ಗುಂಡಿಗಳನ್ನು ಒಂದೊಂದೇ ಹಾಕಿಕೊಂಡಳು.

"ಹಾಗಾದ್ರೆ ಹಾಗೇ ಇರ್ಲಿ. ಅವನು ತಿಳ್ಕೊಂಡಿದ್ದೇ ನಿಜ ಅಂತ ನಾನು ಬರ್ಕೊಡ್ತೀನಿ. ಶುಕ್ರವಾರ ನಾನೇ ಹೊಡೆದೆ. ಅವಳು ಬರೆದ ಚಿತ್ರ ನಾನೇ ಹರಿದು ಒಲೆಗೆ ಹಾಕ್ದೆ, ಶನಿವಾರದ್ದು ನಾನೇ ಬರೆದೆ ಅಂತ. ಆಗ ಅವನನ್ನ ಬಿಡ್ತಾರೆ ತಾನೇ?"

"ಹುಚ್ಚು ಮಾತಾಡಬೇಡಿ. ನಿಜವಾಗಿ ಕೊಂದವನು ಗಾಡಿ ಓಡಿಸ್ಕೊಂಡು ಇಲ್ಲಿಗೇ ಬರ್ತಿರಬಹುದು."

"ರುಜುವಾತಿದ್ಯಾ ನಿನ್ನ ಹತ್ರ?"

ಐಲ್ಸಾಳ ಅಂಗೈಯಲ್ಲಿ ರಬ್ಬರಿನ ಚೂರುಗಳಿದ್ದವು. ಬೇರೇನೂ ಇರಲಿಲ್ಲ.

"ಇಲ್ಲ. ಇದ್ದದ್ದನ್ನ ನಾನೇ ತಿಕ್ಕಿ ಹಾಕಿದೆ" ಎಂದಳು ಡಲ್ಸೀ. "ಅವನು ಎಳೇ ಹುಡುಗ, ಮುಂದೆ ಬದುಕಿದೆ. ಹೊಸ ದೋಣಿ ಇದೆ. ನನಗೇನಿದೆ? ಮಧ್ಯಾಹ್ನ ಜೊತೇಲಿ ಟೀ ಕುಡಿಯೋಕೂ ಯಾರೂ ಇಲ್ಲ ಇನ್ನು."

ವ್ಯಾನು ಅಂಗಳದಲ್ಲಿ ನಿಂತಿತು. ಬಾಗಿಲುಗಳು ತೆರೆದು ಮುಚ್ಚಿದ ಸದ್ದಾಯಿತು. ಮರ್ವ್‌ನ ದನಿ, ಎಂದಿನಂತೆ ಸಕ್ಕರೆ ಬೆರೆಸಿದ ದನಿ, "ಹುಷಾರು ಸಾರ್, ಮೆಟ್ಟಿಲು ಜಾರುತ್ತೆ" ಎಂದು ಯಾರಿಗೋ ಹೇಳುತ್ತಿತ್ತು.

ಡಲ್ಸೀ ಗಾಯದ ಗೀಟಿದ್ದ ಬಲಗೈಯನ್ನು ಚಾಚಿದಳು. 

"ಪೆನ್ ಕೊಡು, ಮಗಳೇ. ಬೇಗ. ಅವರು ಒಳಗೆ ಬರೋದ್ರೊಳಗೆ."